ಕೆಂಪು ಹಾಸಿನ ಉಡುಗೆ: ಮೆಚ್ಚುಗೆ ಯಾವುದಕ್ಕೆ, ಟೀಕೆ ಯಾವುದಕ್ಕೆ?

ಚಲನಚಿತ್ರ ಪ್ರಶಸ್ತಿ ಪ್ರದಾನ ಸಮಾರಂಭದ ಮರುದಿನ ಮಾಧ್ಯಮಗಳಲ್ಲಿ ಎರಡು ಪಟ್ಟಿಗಳು ಪ್ರಕಟವಾಗುವುದು ಈಗ ವಾಡಿಕೆಯಾಗಿದೆ. ಒಂದು ಪ್ರಶಸ್ತಿ ವಿಜೇತರ ಪಟ್ಟಿ. ಇನ್ನೊಂದು, ಕೆಂಪು ಹಾಸಿನ ಮೇಲೆ ನಡೆದು ಬಂದ ತಾರೆಯರಲ್ಲಿ ಯಾರ ಉಡುಗೆ ಅತ್ಯುತ್ತಮ, ಯಾರದು ತೀರಾ ಕಳಪೆ ಎಂದು ತೀರ್ಪು ನೀಡುವ ಪಟ್ಟಿ. ಮೊದಲನೆಯದಕ್ಕೆ ತೀರ್ಪುಗಾರರ ಸಮಿತಿ ಇರುತ್ತದೆ, ನಿಯಮಗಳಿರುತ್ತವೆ. ಎರಡನೆಯದಕ್ಕೆ ಇವೆರಡೂ ಇರುವುದಿಲ್ಲ. ಆದರೂ ಜನರ ನೆನಪಿನಲ್ಲಿ ಹೆಚ್ಚು ಕಾಲ ಉಳಿಯುವುದು ಬಹುಮಟ್ಟಿಗೆ ಎರಡನೆಯ ಪಟ್ಟಿಯೇ.

ಈ ಪಟ್ಟಿಗಳಲ್ಲಿ ಕನ್ನಡ ನಾಡಿನ ಹೆಣ್ಣುಮಕ್ಕಳ ಹೆಸರು ಎರಡು ದಶಕಗಳಿಂದ ಕೇಳಿಬರುತ್ತಿದೆ. ಜೊತೆಗೆ, ಸಿನಿಮಾಕ್ಕೆ ಸಂಬಂಧವೇ ಇಲ್ಲದ ನಮ್ಮ ಕೆಲವು ಹಳ್ಳಿಗರ ಉಡುಗೆಯೂ ಪ್ರಶಸ್ತಿ ಸಮಾರಂಭವೊಂದರಲ್ಲಿ ದೇಶದ ಗಮನ ಸೆಳೆದಿದೆ. ಯಾವ ಉಡುಗೆ ಏಕೆ ಮೆಚ್ಚುಗೆ ಪಡೆಯಿತು, ಯಾವುದು ಏಕೆ ನಗೆಗೀಡಾಯಿತು, ಈ ಚರ್ಚೆಯಲ್ಲಿ ಕಲಬುರಗಿ ಹಾಗೂ ಕಮಲಾಪುರದ ಪಾಲೇನು ಎಂಬ ವಿವರ ಇಲ್ಲಿದೆ.

ಹಾಸು ಬಂದ ದಾರಿ

ಗಣ್ಯರ ಕಾಲಡಿಗೆ ಕೆಂಪು ಬಟ್ಟೆ ಹಾಸುವ ಪ್ರಸ್ತಾಪ ಕ್ರಿ.ಪೂ. 458ರ ಗ್ರೀಕ್ ನಾಟಕ 'ಅಗಮೆಮ್ನಾನ್'ನಲ್ಲಿಯೇ ಬರುತ್ತದೆ. ಯುದ್ಧ ಗೆದ್ದು ಬಂದ ಅರಸ ಆ ಹಾಸಿನ ಮೇಲೆ ಕಾಲಿಡಲು ಹಿಂಜರಿಯುತ್ತಾನೆ. ಅದು ದೇವತೆಗಳಿಗೆ ಸಲ್ಲುವ ಗೌರವ ಎಂಬುದು ಅವನ ಅಳುಕು. ಆಧುನಿಕ ಕಾಲದಲ್ಲಿ ಅಮೆರಿಕದ ಆಸ್ಕರ್ ಸಮಾರಂಭದಲ್ಲಿ ಕೆಂಪು ಹಾಸು ಕಾಣಿಸಿಕೊಂಡದ್ದು 1961ರಲ್ಲಿ. 1966ರಲ್ಲಿ ಸಮಾರಂಭ ಬಣ್ಣದಲ್ಲಿ ಪ್ರಸಾರವಾದ ಮೇಲೆ ಹಾಸಿನ ಕೆಂಪೂ ತಾರೆಯರ ಉಡುಗೆಯ ರಂಗೂ ಮನೆಮನೆಗಳನ್ನು ತಲುಪಿದವು.

ಕಳಪೆ ಉಡುಗೆಯ ಪಟ್ಟಿ ಇದಕ್ಕಿಂತ ತುಸು ಮೊದಲೇ ಹುಟ್ಟಿಕೊಂಡಿತ್ತು. ಅಮೆರಿಕದ ವಸ್ತ್ರವಿನ್ಯಾಸಕ ರಿಚರ್ಡ್ ಬ್ಲ್ಯಾಕ್‌ವೆಲ್ 1960ರಲ್ಲಿ ಆರಂಭಿಸಿದ 'ವರ್ಷದ ಕಳಪೆ ಉಡುಗೆ' ಪಟ್ಟಿ ದಶಕಗಳ ಕಾಲ ತಾರೆಯರನ್ನು ಕಾಡಿತು. ಅವರು 2008ರಲ್ಲಿ ನಿಧನರಾದರೂ ಪಟ್ಟಿಯ ಚಾಳಿ ನಿಲ್ಲಲಿಲ್ಲ.

ಆದರೆ ಇಂತಹ ತೀರ್ಪುಗಳು ಸ್ಥಿರವಲ್ಲ. 2001ರ ಆಸ್ಕರ್ ಸಮಾರಂಭಕ್ಕೆ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಕೊರಳಿಗೆ ಹಂಸ ಸುತ್ತಿಕೊಂಡಂತೆ ಕಾಣುವ ಬಿಳಿಯ ಉಡುಗೆ ತೊಟ್ಟು ಬಂದಾಗ ಬಹುತೇಕ ಎಲ್ಲ ಪತ್ರಿಕೆಗಳೂ ಅದನ್ನು ಗೇಲಿ ಮಾಡಿದವು. ಅದೇ ಹಂಸದ ಉಡುಗೆ 2015ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡಿತು.

ಉಡುಗೆಯೇ ಪ್ರಶಸ್ತಿಯಾಗಿದ್ದ ಕಲಬುರಗಿ

ಪ್ರಶಸ್ತಿಗೂ ಉಡುಗೆಗೂ ಇರುವ ನಂಟು ಕಲಬುರಗಿಗೆ ಹೊಸದಲ್ಲ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಈ ನಗರ ರಾಜಧಾನಿಯಾಯಿತು. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿ ಬೀದರಿಗೆ ಸ್ಥಳಾಂತರವಾಗುವವರೆಗೆ ದರ್ಬಾರು ನಡೆದದ್ದು ಇಲ್ಲಿಯೇ. ಆ ಕಾಲದ ಸುಲ್ತಾನರ ಆಸ್ಥಾನಗಳಲ್ಲಿ ಸೇವೆ ಮೆಚ್ಚಿದ ಅರಸ ನೀಡುತ್ತಿದ್ದ ಗೌರವವೆಂದರೆ ಬೆಲೆಬಾಳುವ ನಿಲುವಂಗಿ. ಅದಕ್ಕೆ 'ಖಿಲ್ಲತ್ತು' ಎಂದು ಹೆಸರು. ಪಡೆದವರು ಅದನ್ನು ಧರಿಸಿ ಅರಸನ ಮುಂದೆ ನಿಲ್ಲಬೇಕಿತ್ತು. ಅಂದರೆ ಪ್ರಶಸ್ತಿ ಪಡೆಯಲು ಏನು ಉಟ್ಟು ಬರಬೇಕು ಎಂಬ ಚಿಂತೆಯೇ ಇರಲಿಲ್ಲ, ಉಡುಗೆಯೇ ಪ್ರಶಸ್ತಿಯಾಗಿತ್ತು. ವಿಜಯನಗರದ ಆಸ್ಥಾನಿಕರು ಧರಿಸುತ್ತಿದ್ದ ಉದ್ದನೆಯ 'ಕುಳ್ಳಾಯಿ' ಟೊಪ್ಪಿಗೆ ಮತ್ತು 'ಕಬಾಯಿ' ನಿಲುವಂಗಿಯ ಹೆಸರುಗಳೂ ಪರ್ಷಿಯನ್ ಮತ್ತು ಅರಬ್ಬಿ ಮೂಲದವು. ಮೈಸೂರು ಅರಮನೆಯಲ್ಲಿಯೂ 'ಖಿಲ್ಲತ್ತು' ಎಂಬ ಮಾತು ಬಹುಕಾಲ ಬಳಕೆಯಲ್ಲಿತ್ತು.

ಇಂದಿನ ಸನ್ಮಾನ ಸಮಾರಂಭಗಳಲ್ಲಿ ಶಾಲು ಹೊದಿಸುವ, ಪೇಟ ತೊಡಿಸುವ ಪದ್ಧತಿಯಲ್ಲಿ ಇದೇ ಭಾವನೆಯ ಛಾಯೆ ಇದೆ. ರಾಜ್ಯ ಸರ್ಕಾರ ಇದಕ್ಕೆ ಕಡಿವಾಣ ಹಾಕುವ ಪ್ರಯತ್ನವನ್ನೂ ಮಾಡಿದೆ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಶಾಲು ಬೇಡವೆಂದು 2021ರಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರ ಅವಧಿಯಲ್ಲಿ ಸೂಚನೆ ಹೊರಬಿತ್ತು. ಶಾಲು, ಹಾರದ ಬದಲು ಪುಸ್ತಕ ನೀಡಿ ಎಂದು 2023ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮನವಿ ಮಾಡಿದರು. ಆದರೂ ಸನ್ಮಾನವೆಂದರೆ ಹೆಗಲಿಗೊಂದು ಶಾಲು ಎಂಬ ರೂಢಿ ಅಷ್ಟು ಸುಲಭವಾಗಿ ಅಳಿಯುವಂಥದ್ದಲ್ಲ.

ತಾರೆಯರ ಥಳಕನ್ನು ಜನರ ಮುಂದಿಟ್ಟ ಕಲಾವಿದರೊಬ್ಬರೂ ಕಲಬುರಗಿಯವರೇ ಎಂಬುದು ಗಮನಾರ್ಹ. 1916ರಲ್ಲಿ ಇಲ್ಲಿ ಜನಿಸಿದ ಚಿತ್ರಕಾರ ಎಸ್.ಎಂ. ಪಂಡಿತ್ ಮುಂಬಯಿಗೆ ತೆರಳಿ 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟಗಳನ್ನೂ ಸಿನಿಮಾ ಭಿತ್ತಿಚಿತ್ರಗಳನ್ನೂ ರಚಿಸಿದರು. ಕೆಂಪು ಹಾಸಿನ ಛಾಯಾಚಿತ್ರಗಳು ಬರುವ ಮುನ್ನ ತಾರೆಯ ಸೀರೆಯ ನೆರಿಗೆ, ಆಭರಣದ ಹೊಳಪು ಜನರನ್ನು ತಲುಪುತ್ತಿದ್ದುದು ಇಂಥವರ ಕುಂಚದ ಮೂಲಕ. ನಗರದ ರಂಗಮಂದಿರಕ್ಕೆ ಅವರ ಹೆಸರನ್ನೇ ಇಡಲಾಗಿದೆ. ತಾರೆಯರು ಮರೆಯಾದರೂ ಚಿತ್ರಕಾರನ ಹೆಸರು ಊರಿನಲ್ಲಿ ಉಳಿದಿದೆ.

ಕಾನ್ ಮೆಟ್ಟಿಲುಗಳ ಮೇಲೆ

ಫ್ರಾನ್ಸಿನ ಕಾನ್ ಚಿತ್ರೋತ್ಸವದ ಕೆಂಪು ಮೆಟ್ಟಿಲುಗಳು ಉಡುಗೆಯ ಪರೀಕ್ಷೆಗೆ ಹೆಸರಾದ ತಾಣ. ಮಂಗಳೂರಿನಲ್ಲಿ ಜನಿಸಿದ ತುಳು ಮಾತೃಭಾಷೆಯ ಐಶ್ವರ್ಯಾ ರೈ 2002ರಲ್ಲಿ 'ದೇವದಾಸ್' ಚಿತ್ರದೊಂದಿಗೆ ಅಲ್ಲಿಗೆ ಮೊದಲ ಬಾರಿ ತೆರಳಿದರು. ಕುದುರೆ ಸಾರೋಟಿನಲ್ಲಿ ಬಂದಿಳಿದ ಅವರು ಉಟ್ಟಿದ್ದುದು ನೀತಾ ಲುಲ್ಲಾ ವಿನ್ಯಾಸದ ಹಳದಿ ಸೀರೆ, ತೊಟ್ಟಿದ್ದುದು ಭಾರಿ ಚಿನ್ನದ ಒಡವೆ. ಒಡವೆಯ ಭಾರ ಅತಿಯಾಯಿತೆಂದು ಅಂದು ಟೀಕಿಸಿದವರಿದ್ದರು. ಇಂದು ಅದೇ ಚಿತ್ರವನ್ನು ಕಾನ್ ಉತ್ಸವದ ಭಾರತೀಯ ಅಧ್ಯಾಯದ ಮೊದಲ ಪುಟವೆಂಬಂತೆ ಮತ್ತೆ ಮತ್ತೆ ಪ್ರಕಟಿಸಲಾಗುತ್ತದೆ. ಮರುವರ್ಷ ಅವರು ತೀರ್ಪುಗಾರರ ಮಂಡಳಿಯ ಸದಸ್ಯೆಯಾಗಿ ಹೋದಾಗ ಉಟ್ಟ ಗಿಳಿಹಸಿರು ಸೀರೆಯೂ ಟೀಕೆಯಿಂದ ಪಾರಾಗಲಿಲ್ಲ.

ಬಳಿಕದ ವರ್ಷಗಳಲ್ಲಿ ಮೆಚ್ಚುಗೆ, ಟೀಕೆ ಎರಡೂ ಅವರ ಪಾಲಿಗೆ ಸರದಿಯಂತೆ ಬಂದವು. 2016ರಲ್ಲಿ ನೇರಳೆ ಬಣ್ಣದ ತುಟಿರಂಗು ನಗೆಚಾಟಿಕೆಗಳಿಗೆ ವಸ್ತುವಾಯಿತು. 2017ರಲ್ಲಿ ಮೈಕೆಲ್ ಸಿಂಕೊ ವಿನ್ಯಾಸದ ತಿಳಿನೀಲಿ ಗೌನು ಕಥೆಯೊಳಗಿನ ರಾಜಕುಮಾರಿಯ ಉಡುಗೆಯಂತಿದೆ ಎಂಬ ಪ್ರಶಂಸೆ ಗಳಿಸಿತು. 2023ರ ಬೆಳ್ಳಿ ಬಣ್ಣದ ಬೃಹತ್ ಮುಸುಕಿನ ಉಡುಗೆಯನ್ನು ಜನ ಹಾಸ್ಯ ಮಾಡಿದರು. 2025ರಲ್ಲಿ ದಂತವರ್ಣದ ಬನಾರಸಿ ಸೀರೆಯುಟ್ಟು, ಬೈತಲೆಗೆ ಸಿಂಧೂರ ಧರಿಸಿ ಬಂದಾಗ ಹಿಂದಿನ ಟೀಕಾಕಾರರೂ ತಲೆದೂಗಿದರು. ತೊಟ್ಟವರು ಒಬ್ಬರೇ, ಮೆಟ್ಟಿಲುಗಳೂ ಅವೇ. ಬದಲಾದದ್ದು ಉಡುಗೆಗೂ ಉಟ್ಟವರಿಗೂ ಇದ್ದ ಸಂಬಂಧ.

ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಅವರ ಅನುಭವವೂ ಹೆಚ್ಚು ಭಿನ್ನವಲ್ಲ. 2010ರಲ್ಲಿ ಮೊದಲ ಬಾರಿ ಕಾನ್‌ಗೆ ಹೋದಾಗ ರೋಹಿತ್ ಬಲ್ ವಿನ್ಯಾಸದ ಬಿಳಿ ಮತ್ತು ಹೊನ್ನಿನ ಸೀರೆ ಅವರಿಗೆ ಒಪ್ಪಿತು. 2022ರಲ್ಲಿ ತೀರ್ಪುಗಾರರಲ್ಲಿ ಒಬ್ಬರಾಗಿ ಹೋದಾಗ ಸಬ್ಯಸಾಚಿ ಮುಖರ್ಜಿ ವಿನ್ಯಾಸದ ಕಪ್ಪು ಮತ್ತು ಹೊನ್ನಿನ ಪಟ್ಟೆಗಳ ಸೀರೆಗೆ ಮಿಶ್ರ ಪ್ರತಿಕ್ರಿಯೆ ಬಂದಿತು. ಅದೇ ಉತ್ಸವದಲ್ಲಿ ತೊಟ್ಟ ಕಿತ್ತಳೆ ಬಣ್ಣದ ಗೌನಿನ ಉದ್ದನೆಯ ಬಾಲವನ್ನು ಸಂಭಾಳಿಸಲು ಅವರು ಪಟ್ಟ ಪಾಡು ವಿಡಿಯೋಗಳಲ್ಲಿ ಹರಿದಾಡಿತು. 2025ರಲ್ಲಿ ಉತ್ಸವದ ಸಂಘಟಕರು ನಗ್ನತೆಯ ಜೊತೆಗೆ, ದಾರಿಗೆ ಅಡ್ಡಿಯಾಗುವಷ್ಟು ಉದ್ದ ಬಾಲದ ಉಡುಗೆಗಳನ್ನೂ ನಿಷೇಧಿಸಿದರು.

ಪಾದರಕ್ಷೆಯ ವಿಷಯದಲ್ಲಿಯೂ ಕಾನ್ ಕಟ್ಟುನಿಟ್ಟು ವಿವಾದಕ್ಕೆ ಕಾರಣವಾಗಿತ್ತು. ಎತ್ತರದ ಹಿಮ್ಮಡಿಯ ಪಾದರಕ್ಷೆ ಧರಿಸದ ಮಹಿಳೆಯರನ್ನು ತಡೆಯಲಾಯಿತೆಂಬ ದೂರು 2015ರಲ್ಲಿ ಕೇಳಿಬಂದಿತು. 2018ರಲ್ಲಿ ತೀರ್ಪುಗಾರ್ತಿಯಾಗಿದ್ದ ನಟಿ ಕ್ರಿಸ್ಟನ್ ಸ್ಟೀವರ್ಟ್ ಕೆಂಪು ಹಾಸಿನ ಮೇಲೆಯೇ ಪಾದರಕ್ಷೆ ಕಳಚಿ ಬರಿಗಾಲಲ್ಲಿ ಮೆಟ್ಟಿಲೇರಿದರು. ಅದನ್ನು ಪ್ರತಿಭಟನೆ ಎಂದು ಬಣ್ಣಿಸಲಾಯಿತು.

ರಾಷ್ಟ್ರಪತಿ ಭವನದಲ್ಲಿ ಬರಿಗಾಲು

ಮೂರು ವರ್ಷಗಳ ಬಳಿಕ ಮತ್ತೊಂದು ಪ್ರಶಸ್ತಿ ಸಮಾರಂಭದಲ್ಲಿ ಬರಿಗಾಲು ಸುದ್ದಿಯಾಯಿತು. 2021ರ ನವೆಂಬರ್ 8ರಂದು ನವದೆಹಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮ ಪ್ರಶಸ್ತಿ ಪ್ರದಾನ ನಡೆಯಿತು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಹಾಲಕ್ಕಿ ಸಮುದಾಯದ ರೀತಿಯಲ್ಲಿ ಸೀರೆ ಉಟ್ಟು, ಕೊರಳ ತುಂಬ ಮಣಿಸರ ಧರಿಸಿ ಬರಿಗಾಲಲ್ಲಿ ನಡೆದು ಬಂದು ಪದ್ಮಶ್ರೀ ಸ್ವೀಕರಿಸಿದರು. ಕಿತ್ತಳೆ ಹಣ್ಣು ಮಾರಿ ಉಳಿಸಿದ ಹಣದಲ್ಲಿ ಶಾಲೆ ಕಟ್ಟಲು ಮುಂದಾದ ಹರೇಕಳ ಹಾಜಬ್ಬ ಅದೇ ದಿನ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬರಿಗಾಲಲ್ಲಿಯೇ ಬಂದರು. ಮರುದಿನ ಜೋಗತಿ ಕಲಾವಿದೆ ಮಂಜಮ್ಮ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ಸೀರೆಯ ಸೆರಗಿನಿಂದ ದೃಷ್ಟಿ ತೆಗೆದು ಶುಭ ಹಾರೈಸಿದರು. ಅದಕ್ಕೂ ಮೊದಲು, 2019ರ ಮಾರ್ಚ್‌ನಲ್ಲಿ ಸಾಲುಮರದ ತಿಮ್ಮಕ್ಕ ತಿಳಿಹಸಿರು ಸೀರೆಯುಟ್ಟು, ಹಣೆಗೆ ವಿಭೂತಿ ಧರಿಸಿ ಬಂದು ರಾಷ್ಟ್ರಪತಿಯವರ ಹಣೆ ಮುಟ್ಟಿ ಹರಸಿದ್ದರು.

ಇವರಲ್ಲಿ ಯಾರೂ ಸಮಾರಂಭಕ್ಕೆಂದು ವಸ್ತ್ರವಿನ್ಯಾಸಕರನ್ನು ಹುಡುಕಿದವರಲ್ಲ. ಮನೆಯಲ್ಲಿ, ತೋಟದಲ್ಲಿ, ಸಂತೆಯಲ್ಲಿ, ರಂಗದ ಮೇಲೆ ಹೇಗಿದ್ದರೋ ಹಾಗೆಯೇ ದರ್ಬಾರ್ ಸಭಾಂಗಣಕ್ಕೂ ಬಂದರು. ಆ ವರ್ಷ ದೇಶದಲ್ಲಿ ಅತಿ ಹೆಚ್ಚು ಜನರು ಹಂಚಿಕೊಂಡ ಪ್ರಶಸ್ತಿ ಸಮಾರಂಭದ ಚಿತ್ರಗಳ ಸಾಲಿನಲ್ಲಿ ತುಳಸಿ ಗೌಡರ ಚಿತ್ರವೂ ನಿಂತಿತು. ತುಳಸಿ ಗೌಡ 2024ರ ಡಿಸೆಂಬರ್‌ನಲ್ಲಿ, ತಿಮ್ಮಕ್ಕ 2025ರ ನವೆಂಬರ್‌ನಲ್ಲಿ ನಿಧನರಾದಾಗ ಪತ್ರಿಕೆಗಳು ಮತ್ತೆ ಬಳಸಿಕೊಂಡದ್ದು ಬಹುಪಾಲು ಈ ಪ್ರಶಸ್ತಿ ಸಮಾರಂಭಗಳ ಚಿತ್ರಗಳನ್ನೇ.

ಆದರೆ ಈ ಮೆಚ್ಚುಗೆಯಲ್ಲಿ ಒಂದು ತೊಡಕೂ ಇದೆ. ಹಾಲಕ್ಕಿ ಮಹಿಳೆಯೊಬ್ಬರು ಇದೇ ಉಡುಗೆಯಲ್ಲಿ ನಗರದ ಕಚೇರಿಗೆ ಅಥವಾ ಹೋಟೆಲಿಗೆ ಬಂದರೆ ಸಿಗುವ ನೋಟ ಇದೇ ಆಗಿರುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಕಲಬುರಗಿ ಜಿಲ್ಲೆಯ ಕಮಲಾಪುರ ತಕ್ಕ ಸ್ಥಳ.

ಕಮಲಾಪುರದ ತಾಂಡಾಗಳ ಉಡುಗೆ

ಇದು ಹಂಪಿಯ ಮಗ್ಗುಲಿನ ಕಮಲಾಪುರವಲ್ಲ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿರುವ, ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾದ ಊರು. ಇದರ ಸುತ್ತಮುತ್ತ ಲಂಬಾಣಿ ಸಮುದಾಯದ ಹಲವಾರು ತಾಂಡಾಗಳಿವೆ. ದವಸಧಾನ್ಯ ಸಾಗಿಸುತ್ತ ಎತ್ತುಗಳ ಹಿಂಡಿನೊಂದಿಗೆ ದಖ್ಖನ್ನಿಗೆ ಬಂದು ನೆಲೆಸಿದ ಈ ಜನರು ಅಲೆದಾಟದ ಬದುಕಿನಲ್ಲಿ ತಮ್ಮ ಸಂಪತ್ತನ್ನೂ ಕಲೆಯನ್ನೂ ಮೈಮೇಲೆ ಹೊತ್ತು ತಂದರು.

ಲಂಬಾಣಿ ಮಹಿಳೆಯ ಉಡುಗೆಯಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಸುತ್ತಳತೆ ಹೆಚ್ಚಿರುವ ನೆರಿಗೆಯ ಲಂಗಕ್ಕೆ 'ಫೇಟಿಯಾ', ಬೆನ್ನು ಭಾಗದಲ್ಲಿ ದಾರದಿಂದ ಕಟ್ಟುವ ಕುಪ್ಪಸಕ್ಕೆ 'ಕಾಂಚಳಿ', ತಲೆಯಿಂದ ಬೆನ್ನಿಗೆ ಇಳಿಯುವ ಮೇಲುಹೊದಿಕೆಗೆ 'ಟುಕ್ರಿ' ಎಂದು ಹೆಸರು. ಕೆಂಪು ಪ್ರಧಾನ ಬಣ್ಣ. ತುಂಡು ಬಟ್ಟೆಗಳ ಜೋಡಣೆ, ಕನ್ನಡಿ ಚೂರು, ಕವಡೆ, ನಾಣ್ಯ, ಬಣ್ಣದ ದಾರದ ಹೊಲಿಗೆ ಇವೆಲ್ಲ ಸೇರಿ ಒಂದು ಉಡುಗೆ ಪೂರ್ಣಗೊಳ್ಳಲು ತಿಂಗಳುಗಳೇ ಹಿಡಿಯಬಹುದು. ಕೆನ್ನೆಯ ಇಕ್ಕೆಲಗಳಲ್ಲಿ ಕೂದಲಿಗೆ ಇಳಿಬಿಡುವ 'ಘುಗ್ರಿ', ತೋಳಿನುದ್ದಕ್ಕೂ ತೊಡುವ ಬಿಳಿಯ 'ಬಲಿಯಾ' ಬಳೆಗಳು ಅಲಂಕಾರಕ್ಕಷ್ಟೇ ಇರುವಂಥವಲ್ಲ. ಘುಗ್ರಿ ವಿವಾಹಿತೆಯ ಗುರುತು, ಪತಿಯ ಮರಣಾನಂತರ ಅದನ್ನು ತೆಗೆಯಲಾಗುತ್ತದೆ. ಹೀಗೆ ಈ ಉಡುಗೆ ಉಟ್ಟವಳ ಬದುಕಿನ ಸ್ಥಿತಿಯನ್ನು ಸಾರುತ್ತದೆ. ಬಾಡಿಗೆಗೆ ತಂದು ಒಂದು ಸಂಜೆಗೆ ತೊಡುವವರಿಗೆ ಈ ಅರ್ಥಗಳು ತಿಳಿದಿರುವುದಿಲ್ಲ.

ಚಲನಚಿತ್ರದ ನೃತ್ಯಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ, ಮೆರವಣಿಗೆಗಳಲ್ಲಿ 'ಲಂಬಾಣಿ ವೇಷ' ಬಹುಕಾಲದಿಂದ ಜನಪ್ರಿಯ. ಕನ್ನಡಿ ಕಸೂತಿಯ ಚೀಲ, ಜಾಕೆಟ್, ಕುಪ್ಪಸಗಳು ನಗರದ ಮಳಿಗೆಗಳಲ್ಲಿ ಫ್ಯಾಷನ್ ಎನಿಸಿವೆ. ಇದೇ ವೇಳೆ ತಾಂಡಾಗಳಲ್ಲಿ ನಿತ್ಯ ಈ ಉಡುಗೆ ಧರಿಸುವವರು ಬಹುತೇಕ ಹಿರಿಯ ಮಹಿಳೆಯರು ಮಾತ್ರ. ಹೊಸ ತಲೆಮಾರು ಸೀರೆ, ಚೂಡಿದಾರಕ್ಕೆ ಹೊರಳಿದೆ. ಹೊಲಗೆಲಸ, ಕಟ್ಟಡ ಕೆಲಸ, ಕಾಲೇಜು, ಬಸ್ ಪ್ರಯಾಣ ಇವಕ್ಕೆ ಭಾರದ ಲಂಗ ಅನುಕೂಲವಲ್ಲ ಎಂಬುದು ಒಂದು ಕಾರಣ. ಪಟ್ಟಣದಲ್ಲಿ ಎಲ್ಲರ ಕಣ್ಣಿಗೆ ಬೇರೆಯಾಗಿ ಕಾಣಬೇಕಾದ ಮುಜುಗರ ಇನ್ನೊಂದು ಕಾರಣ. ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವ ಉಡುಗೆಯನ್ನು ಬಸ್ ನಿಲ್ದಾಣದಲ್ಲಿ ತೊಡಲು ಅದರ ವಾರಸುದಾರರೇ ಹಿಂಜರಿಯಬೇಕಾಗಿ ಬಂದಿರುವುದು ವಿಪರ್ಯಾಸ.

ದೊಡ್ಡ ಸಮಾರಂಭಗಳಲ್ಲಿ ಈ ಉಡುಗೆ ಮತ್ತೆ ಹೊರಬರುತ್ತದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರ ಸಮ್ಮುಖದಲ್ಲಿ ಐದು ಜಿಲ್ಲೆಗಳ ತಾಂಡಾ ನಿವಾಸಿಗಳಿಗೆ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳ ವಿತರಣೆ ನಡೆಯಿತು. ಅಂದು ಕನ್ನಡಿಯ ಉಡುಗೆ ತೊಟ್ಟ ಮಹಿಳೆಯರು ಛಾಯಾಗ್ರಾಹಕರ ಗಮನ ಸೆಳೆದರು. ಅದೇ ವರ್ಷ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಂಸ್ಕೃತಿ ಕಾರ್ಯಪಡೆಯ ಸಭೆಯ ಸಂದರ್ಭದಲ್ಲಿ ಸಂಡೂರಿನ ಕುಶಲಕರ್ಮಿ ಮಹಿಳೆಯರು ಸಿದ್ಧಪಡಿಸಿದ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಹೆಸರು ಯಾರದು?

ಕೆಂಪು ಹಾಸಿನ ಮೇಲೆ ನಿಂತ ತಾರೆಗೆ ಕೇಳುವ ಮೊದಲ ಪ್ರಶ್ನೆ 'ಇದು ಯಾರ ವಿನ್ಯಾಸ?' ಎಂಬುದು. ಉತ್ತರದಲ್ಲಿ ವಿನ್ಯಾಸ ಸಂಸ್ಥೆಯ ಹೆಸರು ಬರುತ್ತದೆ. ನೇಯ್ದವರ, ಕಸೂತಿ ಹಾಕಿದವರ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಈ ಮರೆವಿನ ಬೆಲೆ ಏನೆಂಬುದನ್ನು 2025ರಲ್ಲಿ ನಡೆದ ಪ್ರಕರಣವೊಂದು ತೋರಿಸಿಕೊಟ್ಟಿತು. ಇಟಲಿಯ ಪ್ರಾಡಾ ಸಂಸ್ಥೆ ಆ ವರ್ಷದ ಜೂನ್‌ನಲ್ಲಿ ಮಿಲಾನ್ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಯನ್ನು ಅದರ ಮೂಲ ಹೇಳದೆ ಪ್ರದರ್ಶಿಸಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಚಮ್ಮಾರರಿಗೂ ಈ ಚಪ್ಪಲಿಯ ಭೌಗೋಳಿಕ ಗುರುತಿನ ಹಕ್ಕಿದೆ. ವ್ಯಾಪಕ ಆಕ್ಷೇಪದ ಬಳಿಕ ಸಂಸ್ಥೆ ಭಾರತೀಯ ಮೂಲವನ್ನು ಒಪ್ಪಿಕೊಂಡಿತು. ವರ್ಷಾಂತ್ಯದಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಂದಿಗೆ ಒಪ್ಪಂದವನ್ನೂ ಮಾಡಿಕೊಂಡಿತು. ದಾಖಲೆಯಲ್ಲಿ ಊರಿನ ಹೆಸರಿದ್ದುದರಿಂದಲೇ ಆ ವಾದಕ್ಕೆ ಬಲ ಬಂದಿತು.

ಕಮಲಾಪುರದ ವಿಷಯಕ್ಕೆ ಬಂದರೆ, ಈ ಊರಿನ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಜಿಲ್ಲೆಯ ತೊಗರಿ ಬೇಳೆಗೂ ಇದೆ. ಲಂಬಾಣಿ ಕಸೂತಿಗೆ ದೊರೆತಿರುವ ಮಾನ್ಯತೆ ಸಂಡೂರಿನ ಹೆಸರಿನಲ್ಲಿದೆ. ಸಂಡೂರಿನಲ್ಲಿ 1980ರ ದಶಕದಿಂದ ಕಸೂತಿಯ ಮಹಿಳೆಯರನ್ನು ಸಂಘಟಿಸಿ, ಅವರ ಕೆಲಸಕ್ಕೆ ಮಾರುಕಟ್ಟೆ ಒದಗಿಸಿದ ಕೇಂದ್ರವಿದ್ದುದು ಅದಕ್ಕೆ ನೆರವಾಯಿತು. ಕಮಲಾಪುರದ ತಾಂಡಾಗಳ ಸೂಜಿಯ ಕೆಲಸ ಮಾತ್ರ ಊರಿನ ಹೆಸರಿಲ್ಲದೆಯೇ ಉಳಿದಿದೆ. ಹಿರಿಯರು ತೀರಿಕೊಂಡಂತೆ ಹೊಲಿಗೆಯ ಬಗೆಗಳೂ ಕೈತಪ್ಪುತ್ತವೆ. ಹೆಣ್ಣುಮಕ್ಕಳು ಅದನ್ನು ನಿತ್ಯ ಉಡಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಉಡುಗೆ ಕೈಬಿಟ್ಟರೂ ಹೊಲಿಗೆ ಉಳಿಯಬೇಕಾದರೆ ಅದಕ್ಕೆ ತಕ್ಕ ಕೂಲಿ ಮತ್ತು ಹೆಸರು ದೊರೆಯಬೇಕಾಗುತ್ತದೆ.

ಅಳೆಯುವ ಬಗೆ

ಮೇಲಿನ ನಿದರ್ಶನಗಳನ್ನು ಒಟ್ಟಾಗಿ ನೋಡಿದರೆ ಕೆಂಪು ಹಾಸಿನ ಉಡುಗೆಯನ್ನು ಅಳೆಯಲು ಕೆಲವು ಮಾನದಂಡಗಳು ದೊರೆಯುತ್ತವೆ.

ಒಂದು, ಉಟ್ಟವರು ಅದರಲ್ಲಿ ಸಲೀಸಾಗಿ ನಡೆಯಬಲ್ಲರೇ? ಕಿತ್ತಳೆ ಗೌನು ಸೋತದ್ದು, ಹಾಜಬ್ಬರ ಪಂಚೆ ಗೆದ್ದದ್ದು ಇಲ್ಲಿಯೇ.

ಎರಡು, ಸಂದರ್ಭಕ್ಕೆ ಅದು ಒಪ್ಪುತ್ತದೆಯೇ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಸಭೆಯಲ್ಲಿ ಸನ್ಮಾನಿತರ ಹೆಗಲಿಗೆ ಉಣ್ಣೆಯ ಶಾಲಿಗಿಂತ ಹತ್ತಿಯ ಇಳಕಲ್ ಬಟ್ಟೆಯೇ ಹಿತ.

ಮೂರು, ಉಡುಗೆಯ ಚಿಹ್ನೆಗಳ ಅರ್ಥ ತೊಟ್ಟವರಿಗೆ ತಿಳಿದಿದೆಯೇ? ಘುಗ್ರಿಯನ್ನು ಕೇವಲ ಕಿವಿಯೋಲೆಯಂತೆ ತೂಗಿಸಿಕೊಂಡ ನರ್ತಕಿಯ ವೇಷ ಎಷ್ಟೇ ಹೊಳೆದರೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗದು.

ನಾಲ್ಕು, ಮಾಡಿದವರ ಹೆಸರನ್ನು ಹೇಳಲಾಗಿದೆಯೇ? ಈ ಪ್ರಶ್ನೆಯನ್ನು ಈವರೆಗಿನ ಯಾವ ಜನಪ್ರಿಯ ಪಟ್ಟಿಯೂ ಮುಖ್ಯವೆಂದು ಎಣಿಸಿಲ್ಲ.

ಕೊನೆಯ ಪ್ರಶ್ನೆಯನ್ನು ಕೇಳಲು ಆರಂಭಿಸುವುದು ಕಷ್ಟವೇನಲ್ಲ. ರಾಜ್ಯ ಚಲನಚಿತ್ರ ಪ್ರಶಸ್ತಿ, ರಾಜ್ಯೋತ್ಸವ ಪ್ರಶಸ್ತಿ, ವಿಶ್ವವಿದ್ಯಾಲಯಗಳ ಸಮಾರಂಭಗಳು ಪ್ರತಿವರ್ಷದ ಕಾರ್ಯಕ್ರಮಗಳು. ಅಲ್ಲಿ ಹೊದಿಸುವ ಶಾಲು, ಉಡಿಸುವ ಸೀರೆ, ತೊಡಿಸುವ ಪೇಟ ಯಾವ ಊರಿನದು, ಯಾರ ಕೈಯದು ಎಂದು ನಿರೂಪಕರು ಒಂದು ವಾಕ್ಯದಲ್ಲಿ ಹೇಳಬಹುದು, ಆಹ್ವಾನ ಪತ್ರಿಕೆಯಲ್ಲಿ ಒಂದು ಸಾಲು ಮುದ್ರಿಸಬಹುದು. ಕಮಲಾಪುರದ ಬಾಳೆ ಸನ್ಮಾನದ ಹಣ್ಣಿನ ಬುಟ್ಟಿಯಲ್ಲಿದ್ದರೆ ಅದರ ಊರು ಯಾವುದೆಂದು ಹೆಸರೇ ಹೇಳುತ್ತದೆ. ಪಕ್ಕದ ತಾಂಡಾದ ಕಸೂತಿಗೂ ಅಂಥ ಒಂದು ಹೆಸರು ಸಿಗಬೇಕಾಗಿದೆ.